ಅಯೋವಾದ ಡ್ಯಾನ್ ಗೇಬಲ್ 21 ವರ್ಷ ಕಾಲೇಜು ಕುಸ್ತಿ ತಂಡ ಕಟ್ಟಿದ ರೀತಿ: ನಮ್ಮಂಥ ಕಾಲೇಜಿಗೆ ಅದರಲ್ಲಿ ಏನಾದರೂ ಸಿಗುತ್ತದಾ?

ಪ್ರಶ್ನೆ: ಪಿಇ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಕಡೆ ಒಂದು ಡಿಗ್ರಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಮೇಷ್ಟ್ರು. ಹನ್ನೊಂದು ವರ್ಷ ಆಯಿತು.

ನಮ್ಮ ಕಡೆ ಕುಸ್ತಿಗೆ ಕೊರತೆ ಇಲ್ಲ. ಜಾತ್ರೆ ಬಂದರೆ ಊರಿಗೆ ಊರೇ ಕಣದ ಸುತ್ತ ಕೂತಿರುತ್ತದೆ. ಪ್ರತಿ ವರ್ಷ ಗರಡಿಯಲ್ಲಿ ಬೆಳೆದ ಒಬ್ಬಿಬ್ಬರು ಹುಡುಗರು ನಮ್ಮ ಕಾಲೇಜಿಗೆ ಸೇರುತ್ತಾರೆ, ಅಂತರ ಕಾಲೇಜು ಕೂಟಕ್ಕೆ ಹೋಗುತ್ತಾರೆ, ಒಂದು ಮೆಡಲ್ ತರುತ್ತಾರೆ, ಪ್ರಿನ್ಸಿಪಾಲರ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ, ಅಷ್ಟೇ. ಆ ಮೆಡಲ್ಲಿನಲ್ಲಿ ನನ್ನದು ಏನೂ ಇಲ್ಲ. ಅದು ಅವರ ವಸ್ತಾದರದ್ದು. ಹುಡುಗ ಡಿಗ್ರಿ ಮುಗಿಸಿ ಹೋದ ಮೇಲೆ ಮತ್ತೆ ಸೊನ್ನೆಯಿಂದ ಶುರು.

ಈ ವರ್ಷ ನಿಜವಾಗಿಯೂ ಒಂದು ತಂಡ ಕಟ್ಟಬೇಕು ಅಂತ ಹಠ ಬಂದಿದೆ. ಹಳೇ ಬೆಂಚು ತುಂಬಿಟ್ಟಿದ್ದ ಒಂದು ಕೋಣೆ ಸಿಕ್ಕಿದೆ. ಮೂರು ದಿನ ಕೂತು ನಾನೂ ಹುಡುಗರೂ ಖಾಲಿ ಮಾಡಿದೆವು. ಬೇರೆ ಕಡೆಯಿಂದ ಒಂದು ಹಳೇ ಮ್ಯಾಟ್ ಕೂಡ ಬಂದಿದೆ, ಒಂದು ಮೂಲೆ ಹರಿದಿದೆ, ಹೊಲಿಸಬೇಕು.

ರಾತ್ರಿ ಹೊತ್ತು ಅಮೆರಿಕದ ಕಾಲೇಜು ಕುಸ್ತಿ ನೋಡುತ್ತಾ ಹೋದಾಗ ಡ್ಯಾನ್ ಗೇಬಲ್ ಅನ್ನುವವರ ಬಗ್ಗೆ ಗೊತ್ತಾಯಿತು. ಅಯೋವಾ ವಿಶ್ವವಿದ್ಯಾಲಯದ ಕೋಚ್. 1976ರಿಂದ 1997ರ ತನಕ 21 ವರ್ಷ, ಅದರಲ್ಲಿ 15 ಸಲ ರಾಷ್ಟ್ರೀಯ ಚಾಂಪಿಯನ್ ತಂಡ. ಅವರ ವಲಯದ ಕೂಟ, ಬಿಗ್ ಟೆನ್ ಅನ್ನುತ್ತಾರಲ್ಲ, ಅದನ್ನು 21ಕ್ಕೆ 21 ವರ್ಷವೂ ಗೆದ್ದಿದ್ದಾರೆ. ತಂಡ ತಂಡದ ನಡುವಿನ ಪಂದ್ಯದಲ್ಲಿ 355 ಗೆಲುವು, 21 ಸೋಲು, 5 ಡ್ರಾ. ಕಾಲೇಜು ತಂಡ ಅಂದ ಮೇಲೆ ನಾಲ್ಕೈದು ವರ್ಷಕ್ಕೊಮ್ಮೆ ಹುಡುಗರೆಲ್ಲ ಬದಲಾಗಿಬಿಡುತ್ತಾರೆ ಅಲ್ವಾ? ಹಾಗಿದ್ದೂ ಇದು ಹೇಗೆ ನಡೆಯಿತು?

ದುಡ್ಡು, ಸ್ಟೇಡಿಯಂ ನಮ್ಮಲ್ಲಿ ಇಲ್ಲ, ಅದು ಗೊತ್ತು. ಅದನ್ನು ಬಿಟ್ಟು ಉಳಿದದ್ದರಲ್ಲಿ ನಮಗೆ ಹೊಂದುವಂಥದ್ದು ಏನಾದರೂ ಇದ್ದರೆ ತಿಳಿದವರು ದಯವಿಟ್ಟು ಹೇಳಿ. ಉದ್ದ ಬರೆದರೂ ಓದುತ್ತೇನೆ.

ಉತ್ತರ: ಅಯೋವಾ ಸಿಟಿಯಲ್ಲಿ ಓದಿದವಳು

ಸರ್, ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿ ಆಯಿತು. ನಾನು ಎಂಎಸ್ ಮಾಡಿದ್ದು ಅದೇ ಊರಲ್ಲಿ. ಕುಸ್ತಿ ಬಗ್ಗೆ ಏನೂ ಗೊತ್ತಿಲ್ಲದೆ ಹೋದವಳು, ಹುಚ್ಚು ಹಿಡಿಸಿಕೊಂಡು ಬಂದೆ.

2015ರ ನವೆಂಬರ್‌ನಲ್ಲಿ ಅಲ್ಲಿ ಫುಟ್‌ಬಾಲ್ ಸ್ಟೇಡಿಯಂ ನಡುವೆ ಮ್ಯಾಟ್ ಹಾಸಿ ಅಯೋವಾ ಮತ್ತು ಒಕ್ಲಹಾಮಾ ಸ್ಟೇಟ್ ನಡುವೆ ಕುಸ್ತಿ ಆಡಿಸಿದರು. ಬಯಲಲ್ಲಿ, ಚಳಿಯಲ್ಲಿ. ಬಂದವರು 42,287 ಜನ! ಎರಡು ಕಾಲೇಜಿನ ಹುಡುಗರ ಕುಸ್ತಿ ನೋಡೋಕೆ. ನನ್ನ ಪಕ್ಕ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕೂತಿದ್ದರು. ಮಡಿಲಲ್ಲಿ ಕಂಬಳಿ, ಕಂಬಳಿ ಮೇಲೆ ಒಂದು ನೋಟ್‌ಬುಕ್, ಕೈಯಲ್ಲಿ ಪೆನ್ಸಿಲ್. ಪ್ರತಿ ಪಾಯಿಂಟ್ ಬರೆದುಕೊಳ್ಳುತ್ತಿದ್ದರು. ನನಗೆ ಏನೂ ಅರ್ಥವಾಗುತ್ತಿಲ್ಲ ಅಂತ ಕಂಡು, ಗ್ಲೌಸ್ ಬಿಚ್ಚಿ ಪೆನ್ಸಿಲ್ಲಿನಿಂದ ತೋರಿಸುತ್ತಾ ಹೇಳಿಕೊಟ್ಟರು. ಹತ್ತು ತೂಕ, ಹತ್ತು ಕುಸ್ತಿ. ಬರೀ ಪಾಯಿಂಟ್ ಮೇಲೆ ಗೆದ್ದರೆ ತಂಡಕ್ಕೆ 3. ಎಂಟು ಪಾಯಿಂಟ್ ಅಂತರದಲ್ಲಿ ಗೆದ್ದರೆ 4. ಇನ್ನೂ ದೊಡ್ಡ ಅಂತರ ಆದರೆ 5. ಚಿತ್ ಮಾಡಿದರೆ 6. "ಅದಕ್ಕೇ ನಮ್ಮ ಹುಡುಗರು ಮುಂದಿದ್ದರೂ ನಿಲ್ಲೋದಿಲ್ಲ ನೋಡು" ಅಂದರು.

ಇದು ಗೇಬಲ್ ತಂಡದ ಜೀವಾಳ ಅಂತ ನನಗೆ ಆಮೇಲೆ ಗೊತ್ತಾಯಿತು. ಮೂರು ಪಾಯಿಂಟ್ ಮುಂದಿದ್ದೀನಿ, ಇನ್ನೊಂದು ನಿಮಿಷ ಕಳೆದರೆ ಸಾಕು ಅಂತ ಅಂಚಿನಲ್ಲಿ ಸುಮ್ನೆ ಓಡಾಡೋದು ಅವರ ಹುಡುಗರಿಗೆ ಗೊತ್ತೇ ಇರಲಿಲ್ಲ. ಅಲ್ಲಿನ ಕಾಲೇಜು ಕುಸ್ತಿ ಏಳು ನಿಮಿಷ. ಆ ಏಳು ನಿಮಿಷವೂ ಮುಂದಕ್ಕೇ ನುಗ್ಗಬೇಕು. ಹಾಗೆ ನುಗ್ಗಬೇಕಾದರೆ ಉಸಿರು ಬೇಕು. ಉಸಿರು ಬರಬೇಕಾದರೆ ದಿನಾ ಅಭ್ಯಾಸದ ಕೋಣೆಯಲ್ಲಿ ಅದಕ್ಕಿಂತ ಕಷ್ಟ ಬಿದ್ದಿರಬೇಕು. ಗೇಬಲ್ ಮೂವತ್ತು ತುಂಬುವ ಮೊದಲೇ ಮುಖ್ಯ ಕೋಚ್ ಆದವರು. ಬರೀ ಸೀಟಿ ಊದಿಕೊಂಡು ನಿಂತವರಲ್ಲ, ತಾವೇ ಮ್ಯಾಟ್‌ಗೆ ಇಳಿದು ಹುಡುಗರ ಜೊತೆ ಹಿಡಿಯುತ್ತಿದ್ದರು.

ಮನುಷ್ಯ ಯಾರು ಅಂತ ಗೊತ್ತಾದರೆ ಕೋಚ್ ಕೂಡ ಅರ್ಥ ಆಗುತ್ತಾರೆ, ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಹುಟ್ಟಿದ್ದು 1948, ಅಯೋವಾ ರಾಜ್ಯದ ವಾಟರ್‌ಲೂ ಅನ್ನುವ ಊರು. 1964ರಲ್ಲಿ ಅವರಿಗೆ 15 ವರ್ಷ ಇದ್ದಾಗ ಅಕ್ಕ ಡಯೇನ್ ಸ್ವಂತ ಮನೆಯಲ್ಲೇ ಕೊಲೆಯಾದಳು. ಅವಳಿಗೆ 19. ಅಪ್ಪ ಅಮ್ಮನಿಗೆ ಆ ಮನೆಗೆ ಕಾಲಿಡೋಕೇ ಆಗಲಿಲ್ಲ, ಬಿಟ್ಟು ಹೋಗೋಣ ಅಂತಿದ್ದರು. ಈ ಹುಡುಗ ಒಪ್ಪಲಿಲ್ಲ. ಮನೆ ಬಿಡೋದು ಬೇಡ ಅಂತ ಹೇಳಿ ಅಕ್ಕನ ಕೋಣೆಗೆ ತನ್ನ ಹಾಸಿಗೆ ಹಾಕಿಕೊಂಡ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಅಪ್ಪ ಅಮ್ಮನಿಗೆ ಹೋಗಿ ಕೂರೋಕೆ, ಕೂಗಿ ಖುಷಿಪಡೋಕೆ ಒಂದು ಜಾಗ ಅಂತ ಉಳಿದಿದ್ದು ಇವನ ಕುಸ್ತಿ.

ಹೈಸ್ಕೂಲಿನಲ್ಲಿ 64 ಕುಸ್ತಿ, 64 ಗೆಲುವು. ಅಯೋವಾ ಸ್ಟೇಟ್ ಕಾಲೇಜಿನಲ್ಲಿ 117 ಗೆಲುವು. ಆಮೇಲೆ 1970ರಲ್ಲಿ ಕಾಲೇಜು ಜೀವನದ ಕಟ್ಟಕಡೆಯ ಕುಸ್ತಿ, ರಾಷ್ಟ್ರೀಯ ಫೈನಲ್. ವಾಷಿಂಗ್ಟನ್ ವಿಶ್ವವಿದ್ಯಾಲಯದ ಲ್ಯಾರಿ ಓವಿಂಗ್ಸ್ ಅನ್ನುವ ಹುಡುಗ 13-11ರಲ್ಲಿ ಸೋಲಿಸಿಬಿಟ್ಟ. ಆ ಒಂದು ಸೋಲೇ ತನ್ನನ್ನು ಕೋಚ್ ಮಾಡಿತು ಅನ್ನೋ ಅರ್ಥದ ಮಾತನ್ನು ಗೇಬಲ್ ಮತ್ತೆ ಮತ್ತೆ ಆಡಿದ್ದಾರೆ. ಮಾರನೇ ವರ್ಷ ವಿಶ್ವ ಚಾಂಪಿಯನ್. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 68 ಕೆಜಿಯಲ್ಲಿ ಚಿನ್ನ, ಅದೂ ಎದುರಾಳಿಗಳಿಗೆ ಒಂದೇ ಒಂದು ಪಾಯಿಂಟ್ ಕೊಡದೆ. ಮಂಡಿಗೆ ಪೆಟ್ಟು ಬಿದ್ದಿತ್ತು, ತಲೆಗೆ ಹೊಲಿಗೆ ಬಿದ್ದಿತ್ತು, ಅದರಲ್ಲೇ ಆಡಿದರು.

ಸರ್, ಇದೆಲ್ಲ ನಿಮ್ಮ ಹುಡುಗರಿಗೆ ಹೇಳಿ. ತಂತ್ರದ ವಿಷಯ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಇದ್ದಾರೆ.

ಉತ್ತರ: ದಾಖಲೆ ನೋಡುವವನು

ಗೇಬಲ್ ಬಗ್ಗೆ ನನಗೂ ತುಂಬಾ ಗೌರವ ಇದೆ. ಆದರೆ ಮೇಷ್ಟ್ರು ಸೊನ್ನೆಯಿಂದ ತಂಡ ಕಟ್ಟೋರು, ಅದಕ್ಕೆ ಒಂದು ವಿಷಯ ಸರಿಯಾಗಿ ಗೊತ್ತಿರಬೇಕು. ಗೇಬಲ್ ಸೊನ್ನೆಯಿಂದ ಕಟ್ಟಲಿಲ್ಲ.

ಅಯೋವಾಗೆ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದಿದ್ದು 1975ರಲ್ಲಿ. ಆಗ ಕೋಚ್ ಗ್ಯಾರಿ ಕರ್ಡೆಲ್‌ಮೈಯರ್. 1976ರಲ್ಲೂ ಅವರೇ ಗೆದ್ದರು. ಈ ಕರ್ಡೆಲ್‌ಮೈಯರ್ 1958ರಲ್ಲಿ ಅಯೋವಾ ಪರವಾಗಿಯೇ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. 1972ರಲ್ಲಿ ಮುಖ್ಯ ಕೋಚ್ ಆದ ಕೂಡಲೇ ಅವರು ಮಾಡಿದ ದೊಡ್ಡ ಕೆಲಸ ಏನು ಗೊತ್ತಾ? ಮ್ಯೂನಿಕ್ ಚಿನ್ನ ಗೆದ್ದ ಹುಡುಗನನ್ನು ಸಹಾಯಕ ಕೋಚ್ ಅಂತ ಕರೆತಂದರು. ಅದೂ ಎದುರಾಳಿ ಕಾಲೇಜಿನವನನ್ನು! ಅಯೋವಾ ಸ್ಟೇಟ್ ಬೇರೆ, ಅಯೋವಾ ಬೇರೆ, ಇಬ್ಬರಿಗೂ ಕುಸ್ತಿಯಲ್ಲಿ ಜಿದ್ದು. ತನಗಿಂತ ಹೆಸರುವಾಸಿಯಾದವನನ್ನು ಪಕ್ಕದಲ್ಲಿ ಇಟ್ಟುಕೊಂಡು, ನಾಲ್ಕು ವರ್ಷದ ನಂತರ ಎರಡು ಪ್ರಶಸ್ತಿ ಗೆದ್ದ ತಂಡವನ್ನು ಅವನ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯೋದು ಸಣ್ಣ ಮನಸ್ಸಿನವರಿಗೆ ಆಗುವ ಕೆಲಸ ಅಲ್ಲ. ಕರ್ಡೆಲ್‌ಮೈಯರ್ ಹೆಸರು ಯಾರೂ ಹೇಳೋದಿಲ್ಲ ಅಂತ ನನಗೆ ಬೇಜಾರು.

ಇನ್ನೊಂದು. ಮುಖ್ಯ ಕೋಚ್ ಆಗಿ ಗೇಬಲ್ ಮೊದಲ ವರ್ಷ, ಅಂದರೆ 1977ರಲ್ಲಿ, ರಾಷ್ಟ್ರೀಯ ಪ್ರಶಸ್ತಿ ಕಳೆದುಕೊಂಡರು. ಗೆದ್ದಿದ್ದು ಅಯೋವಾ ಸ್ಟೇಟ್. ಅಂದರೆ ಅವರಿಗೆ ಕುಸ್ತಿ ಕಲಿಸಿದ ಹೆರಾಲ್ಡ್ ನಿಕೋಲ್ಸ್ ಅವರ ತಂಡ. ಕೈಗೆ ಬಂದ ತಂಡ ಗುರುವಿನ ಮುಂದೆಯೇ ಸೋತಿತು. 1978ರಿಂದ 1986ರ ತನಕ ಸತತ ಒಂಬತ್ತು ಪ್ರಶಸ್ತಿ ಬಂದಿದ್ದು ಅದಾದ ಮೇಲೆ.

ಮತ್ತೆ 1987. ಹತ್ತನೇದು ಗೆದ್ದೇ ಗೆಲ್ಲುತ್ತೇವೆ ಅಂತ ಅಂಗಿಯ ಮೇಲೆ ರೋಮನ್ ಹತ್ತು, ಅಂದರೆ 'ಎಕ್ಸ್' ಗುರುತು ಹಾಕಿಸಿಕೊಂಡು ಹೋದರು. ಆ ವರ್ಷವೂ ಗೆದ್ದಿದ್ದು ಅಯೋವಾ ಸ್ಟೇಟ್. 1988, 89, 90 ಕೂಡ ಬೇರೆಯವರ ಪಾಲು. ನಾಲ್ಕು ವರ್ಷ! ನನ್ನ ಪ್ರಕಾರ ಮೇಷ್ಟ್ರು ನೋಡಬೇಕಾದ್ದು ಈ ನಾಲ್ಕು ವರ್ಷವನ್ನು. ಒಂಬತ್ತು ಸಲ ಗೆದ್ದ ಕೋಚ್ ಅಲ್ಲಿಗೆ ಸಾಕು ಅಂದುಕೊಳ್ಳಬಹುದಿತ್ತು. ಆಗ ಅವರ ಕೋಣೆಯಲ್ಲಿ ಶೆಲ್ಡನ್ ಅನ್ನುವ ಸಣ್ಣ ಊರಿನಿಂದ ಬಂದ ಅವಳಿ ಹುಡುಗರು ಇದ್ದರು, ಟಾಮ್ ಬ್ರ್ಯಾಂಡ್ಸ್ ಮತ್ತು ಟೆರಿ ಬ್ರ್ಯಾಂಡ್ಸ್. ಅವರ ಸುತ್ತ ಮತ್ತೆ ಒಂದು ತಂಡ ಎದ್ದಿತು. 1991, 92, 93, ಆಮೇಲೆ 95, 96, 97. ಟಾಮ್ 1996ರ ಅಟ್ಲಾಂಟಾದಲ್ಲಿ ಒಲಿಂಪಿಕ್ ಚಿನ್ನ ತಂದ, ಟೆರಿ 2000ದ ಸಿಡ್ನಿಯಲ್ಲಿ ಕಂಚು ತಂದ. 2006ರಿಂದ ಅದೇ ಟಾಮ್ ಅಯೋವಾದ ಮುಖ್ಯ ಕೋಚ್, ಟೆರಿ ಜೊತೆಗೆ ನಿಂತಿದ್ದಾರೆ.

ಉತ್ತರ: ವಸ್ತಾದರ ಮೊಮ್ಮಗ

ಮೇಷ್ಟ್ರೇ, ನಮ್ಮದು ಮೈಸೂರು. ನಮ್ಮ ತಾತ ಗರಡಿ ನಡೆಸುತ್ತಿದ್ದರು. ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನ ಅವರ ಕೈ ಹಿಡಿದು ಹೋಗಿ ಬೆಳೆದವನು ನಾನು. ಹಾಗಾಗಿ ಅಮೆರಿಕದ್ದು ಓದುವಾಗಲೂ ನನ್ನ ತಲೆಯಲ್ಲಿ ಗರಡಿಯೇ ಓಡುತ್ತಿರುತ್ತದೆ.

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ "ಹುಡುಗರು ಬದಲಾಗುತ್ತಾ ಹೋದರೂ ಹೇಗೆ ನಡೆಯಿತು" ಅನ್ನೋದಕ್ಕೆ ಉತ್ತರ ಇನ್ನೂ ಬಂದಿಲ್ಲ. ನಾನು ಒಬ್ಬ ಹುಡುಗನ ಕಥೆ ಹೇಳುತ್ತೇನೆ.

1997, ಗೇಬಲ್ ಅವರ ಕೊನೆಯ ವರ್ಷ. ಸೊಂಟದ ಕೀಲಿನ ಆಪರೇಷನ್ ಆಗಿತ್ತು, ಊರುಗೋಲು ಹಿಡಿದು ಓಡಾಡುತ್ತಿದ್ದರು. ರಾಷ್ಟ್ರೀಯ ಕೂಟ ನಡೆದಿದ್ದು ಸೀಡರ್ ಫಾಲ್ಸ್‌ನಲ್ಲಿ. ಅದು ಅವರು ಹುಟ್ಟಿದ ವಾಟರ್‌ಲೂ ಪಕ್ಕದ ಊರು. ಆ ವರ್ಷ ಗೆಲ್ಲೋದು ಒಕ್ಲಹಾಮಾ ಸ್ಟೇಟ್ ಅಂತ ಎಲ್ಲರ ಲೆಕ್ಕ. 118 ಪೌಂಡ್‌ನಲ್ಲಿ ಅಯೋವಾ ಪರವಾಗಿ ಇಳಿದವನು ಜೆಸ್ಸಿ ವಿಟ್ಮರ್. ಇವನು ಯಾರು? ಅದಕ್ಕೆ ಮೊದಲಿನ ವರ್ಷಗಳಲ್ಲಿ ಅದೇ ತೂಕದಲ್ಲಿ ಮೈಕ್ ಮೀನಾ ಅನ್ನುವ ಗಟ್ಟಿ ಪೈಲ್ವಾನ್ ತಂಡದಲ್ಲಿದ್ದ. ಒಂದು ತೂಕಕ್ಕೆ ಒಬ್ಬನಿಗೇ ಜಾಗ. ಮೀನಾ ಆಡಿದ, ವಿಟ್ಮರ್ ಕೋಣೆಯಲ್ಲಿ ಉಳಿದ. ಒಂದು ವರ್ಷ ಅಲ್ಲ, ಮೀನಾ ಮೇಲಿನ ತೂಕಕ್ಕೆ ಹೋಗುವ ತನಕ. ಕಟ್ಟಕಡೆಯ ವರ್ಷ ಇವನಿಗೆ ಜಾಗ ಸಿಕ್ಕಿತು. ನೇರವಾಗಿ ರಾಷ್ಟ್ರೀಯ ಚಾಂಪಿಯನ್ ಆದ.

ಆ ಕೂಟದಲ್ಲಿ ಅಯೋವಾದ ಐವರು ಚಾಂಪಿಯನ್ ಆದರು. ತಂಡಕ್ಕೆ 170 ಪಾಯಿಂಟ್ ಬಂತು. ಆ ದಾಖಲೆಯನ್ನು ಪೆನ್ ಸ್ಟೇಟ್ ಮುರಿದಿದ್ದು 2024ರಲ್ಲಿ, 27 ವರ್ಷದ ನಂತರ.

ಈಗ ಯೋಚನೆ ಮಾಡಿ. ಅಷ್ಟು ವರ್ಷ ಹೊರಗೆ ಯಾರಿಗೂ ಹೆಸರು ಗೊತ್ತಿಲ್ಲದ ವಿಟ್ಮರ್ ಕೋಣೆಯೊಳಗೆ ಏನು ಮಾಡುತ್ತಿದ್ದ? ಜೋಡಿಯಾಗಿ ನಿಂತಿದ್ದ. ದಿನಾ ದೇಶದಲ್ಲೇ ಗಟ್ಟಿಯಾದವರ ಕೈಗೆ ಕೈ ಕೊಟ್ಟು ಹಿಡಿಯುತ್ತಿದ್ದ. ಅದರಿಂದ ಅವರೂ ಬೆಳೆದರು, ಇವನೂ ಬೆಳೆದ. ಗೇಬಲ್ ತಂಡ ಅಂದರೆ ಕಣಕ್ಕೆ ಇಳಿಯುವ ಹತ್ತು ಜನ ಅಂತ ನಾವು ನೋಡುತ್ತೇವೆ. ನಿಜವಾದ ತಂಡ ಇದ್ದದ್ದು ಆ ಕೋಣೆಯೊಳಗೆ. ಎರಡನೆಯವನು ಮೊದಲನೆಯವನಷ್ಟೇ ಗಟ್ಟಿ, ಮೂರನೆಯವನು ಎರಡನೆಯವನ ಜಾಗಕ್ಕೆ ಕಣ್ಣು ಹಾಕಿದ್ದಾನೆ. ಒಬ್ಬ ಡಿಗ್ರಿ ಮುಗಿಸಿ ಹೋದರೆ ಜಾಗ ಖಾಲಿ ಆಗುವುದೇ ಇಲ್ಲ.

ನಮ್ಮ ತಾತನ ಗರಡಿಯಲ್ಲೂ ಇದೇ ಇತ್ತು. ಬೆಳಗಿನ ಜಾವ ನಾಲ್ಕೂವರೆಗೆ ಬಾಗಿಲು ತೆಗೆಯುತ್ತಿದ್ದರು. ಮೊದಲು ಬಂದವನು ಮಟ್ಟಿ ಅಗೆದು ಹದ ಮಾಡಬೇಕು. ಎಣ್ಣೆ, ಅರಿಶಿನ, ನಿಂಬೆಹಣ್ಣಿನ ರಸ ಬೆರೆತ ಕೆಮ್ಮಣ್ಣು, ಸಲಿಕೆ ಹಾಕಿ ತಿರುವಿದರೆ ಒಂದು ವಾಸನೆ ಬರುತ್ತದೆ, ಅದು ಈಗಲೂ ನನ್ನ ಮೂಗಲ್ಲಿದೆ. ದಂಡ, ಬಸ್ಕಿ ಆದ ಮೇಲೆ ತಾತ ಜೋಡಿ ಬಿಡುತ್ತಿದ್ದರು. ದೊಡ್ಡ ಪೈಲ್ವಾನ್ ಒಬ್ಬರು ಇದ್ದರು, ದಸರಾದಲ್ಲಿ ಹೆಸರು ಮಾಡಿದವರು. ಅವರ ಜೊತೆ ದಿನಾ ಹಿಡಿಯುತ್ತಿದ್ದವನು ಹೂವಿನ ಅಂಗಡಿಯ ಒಬ್ಬ ಹುಡುಗ. ಅವನು ಕಣದಲ್ಲಿ ಒಂದು ದಿನವೂ ಹೆಸರು ಮಾಡಲಿಲ್ಲ. ತಾತ ಮಾತ್ರ ಹಾಲು ಬಾದಾಮಿ ಹಂಚುವಾಗ ಮೊದಲ ಲೋಟ ಅವನಿಗೇ ಕೊಡುತ್ತಿದ್ದರು. ದೊಡ್ಡ ಪೈಲ್ವಾನ್ ಎದುರಿಗೇ. ನಾನು ಒಂದು ಸಲ ಯಾಕೆ ತಾತ ಅಂತ ಕೇಳಿದೆ. "ಇವನಿಲ್ದೆ ಅವನಿಲ್ಲ ಕಣೋ" ಅಂದರು.

ಹಾಗಾಗಿ ಮೇಷ್ಟ್ರೇ, ಮೆಡಲ್ ತರುವ ಆ ಇಬ್ಬರನ್ನು ಬಿಡಿ, ಅವರು ಹೇಗೂ ಬರುತ್ತಾರೆ. ಅವರ ಜೊತೆ ಹಿಡಿಯೋಕೆ ಎಂಟು ಜನರನ್ನು ಹುಡುಕಿ. ಆ ಎಂಟು ಜನ ಮೂರು ವರ್ಷ ಬಿಡದೆ ಬರುವ ಹಾಗೆ ನೋಡಿಕೊಳ್ಳಿ.

ಮಣ್ಣಿನಲ್ಲಿ ಬೆಳೆದ ಹುಡುಗರಿಗೆ ಮ್ಯಾಟ್ ಮೇಲೆ ಮೊದಲು ಕಷ್ಟ ಆಗುತ್ತದೆ, ಅದಕ್ಕೂ ಸಿದ್ಧವಾಗಿರಿ. ನಾಡಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿಸೋದೇ ಗುರಿ, ಕಾದು ಕಾದು ಒಂದು ಪಟ್ಟು ಹಾಕಿದರೆ ಮುಗಿಯಿತು. ಮ್ಯಾಟ್ ಮೇಲೆ ಕಾಯುತ್ತಾ ನಿಂತರೆ ಪಾಯಿಂಟ್ ಹೋಗುತ್ತದೆ. ಮೇಲೆ ಅಕ್ಕ ಹೇಳಿದರಲ್ಲ, ಮುಂದಕ್ಕೇ ನುಗ್ಗೋದು ಅಂತ, ಅದನ್ನು ಹೊಸದಾಗಿ ಕಲಿಸಬೇಕಾಗುತ್ತದೆ. ಹಿಡಿತದ ಬಲ ನಮ್ಮ ಹುಡುಗರಿಗೆ ಮೊದಲೇ ಇರುತ್ತದೆ, ಅದರ ಚಿಂತೆ ಬೇಡ.

ಪಿಇ ಮೇಷ್ಟ್ರು

ಅಣ್ಣಾ, ಹೂವಿನ ಅಂಗಡಿ ಹುಡುಗನ ವಿಷಯ ಓದಿ ನಾನು ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ. ಹೋದ ಮೂರು ವರ್ಷದಲ್ಲಿ "ನಿನಗೆ ಸೆಲೆಕ್ಷನ್ ಆಗಲ್ಲ, ಯಾಕೆ ಬರ್ತೀಯಾ" ಅಂತ ನಾನೇ ಎಷ್ಟು ಹುಡುಗರನ್ನು ವಾಪಸ್ ಕಳಿಸಿದ್ದೇನೆ. ಅದರಲ್ಲಿ ಇಬ್ಬರ ಮುಖ ಈಗಲೂ ಕಣ್ಣಮುಂದೆ ಇದೆ. ಅವರು ಈಗ ಫೈನಲ್ ಇಯರ್. ನಾಳೆಯೇ ಕರೆಯುತ್ತೇನೆ.

ಒಂದು ವಿಷಯ ಕೇಳಬೇಕು. ತೂಕ ಇಳಿಸೋದು. ಎರಡು ವರ್ಷದ ಹಿಂದೆ ನಾನು ಕರೆದುಕೊಂಡು ಹೋದ ಒಬ್ಬ ಹುಡುಗ ಎರಡು ದಿನ ನೀರು ಬಿಟ್ಟು, ಎರಡೆರಡು ಸ್ವೆಟರ್ ಹಾಕಿಕೊಂಡು ಓಡಿ, ತೂಕದ ಯಂತ್ರದ ಹತ್ತಿರ ತಲೆ ಸುತ್ತಿ ಬಿದ್ದುಬಿಟ್ಟ. ತುಟಿ ಬಿಳಚಿಕೊಂಡು ಸೀಳಿತ್ತು. ಕೈ ತಣ್ಣಗಿತ್ತು. ಅಲ್ಲಿದ್ದ ಹಿರಿಯರೊಬ್ಬರು "ಇದೆಲ್ಲ ಮಾಮೂಲಿ, ಗ್ಲೂಕೋಸ್ ಕೊಡಿ" ಅಂದರು. ಕೊಟ್ಟೆ. ಅವನು ಆಡಿಯೂ ಆಡಿದ, ಸೋತ. ಅವತ್ತು ನಾನು ಆಡಿಸಬಾರದಿತ್ತು. ಗೇಬಲ್ ಅವರ ತಂಡದಲ್ಲಿ ಇದು ಹೇಗಿತ್ತು?

ಉತ್ತರ: ಅಯೋವಾ ಸಿಟಿಯಲ್ಲಿ ಓದಿದವಳು

ಸರ್, ಈ ವಿಷಯದಲ್ಲಿ ದಯವಿಟ್ಟು ಹಳೇ ಕಾಲವನ್ನು ನೋಡಬೇಡಿ. ಗೇಬಲ್ ಅವರದ್ದೂ ಕೂಡ. ಅವರ ಕಾಲದಲ್ಲಿ ಅಲ್ಲೂ ಸೌನಾದಲ್ಲಿ, ಅಂದರೆ ಬೆವರಿಸೋಕೆ ಕಾಯಿಸಿದ ಕೋಣೆಯಲ್ಲಿ, ಕೂರೋದು, ರಬ್ಬರ್ ಸೂಟ್ ಹಾಕಿ ಬೆವರಿಸೋದು ಎಲ್ಲ ಕಾಲೇಜಿನಲ್ಲೂ ಇತ್ತು. ಅವರು ನಿವೃತ್ತಿಯಾದ ಅದೇ ವರ್ಷ, 1997ರ ಕೊನೆಗೆ, ಬೇರೆ ಬೇರೆ ಮೂರು ಕಾಲೇಜಿನ ಮೂವರು ಕುಸ್ತಿ ಹುಡುಗರು ಹೀಗೆ ತೂಕ ಇಳಿಸುತ್ತಾ ಸತ್ತುಹೋದರು. ಸುಮಾರು ಒಂದು ತಿಂಗಳ ಒಳಗೆ ಮೂವರು. ಮೈಯಲ್ಲಿ ನೀರು ಇಲ್ಲದೆ, ಬಿಸಿ ಏರಿ.

ಆಮೇಲೆ ನಿಯಮ ಬದಲಾಯಿತು. ರಬ್ಬರ್ ಸೂಟ್, ಸೌನಾ ನಿಷೇಧ. ಸೀಸನ್ ಶುರುವಿನಲ್ಲೇ ಹುಡುಗನ ಮೈಯ ಕೊಬ್ಬು ಅಳೆದು, ಇವನು ಇದಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ ಅಂತ ಒಂದು ತೂಕ ಗೊತ್ತುಮಾಡುತ್ತಾರೆ. ತೂಕ ಹಾಕೋದನ್ನು ಕುಸ್ತಿಯ ಹತ್ತಿರಕ್ಕೆ ತಂದರು, ನೀರು ಬಿಟ್ಟು ತೂಕ ಇಳಿಸಿ ಆಮೇಲೆ ಕುಡಿದು ಸುಧಾರಿಸಿಕೊಳ್ಳೋಕೆ ಸಮಯವೇ ಸಿಗದ ಹಾಗೆ.

ನೀವು ಆ ಹುಡುಗನ ವಿಷಯ ಇಲ್ಲಿ ಮುಚ್ಚಿಡದೆ ಬರೆದದ್ದಕ್ಕೆ ನನಗೆ ನಿಮ್ಮ ಮೇಲೆ ನಂಬಿಕೆ ಬಂತು. ನಿಮ್ಮ ಕೋಣೆಯಲ್ಲಿ ಒಂದು ತೂಕದ ಯಂತ್ರ ಇಡಿ. ಅಭ್ಯಾಸದ ಮೊದಲು ಒಂದು ಸಲ, ಆದ ಮೇಲೆ ಒಂದು ಸಲ ಬರೆದುಕೊಳ್ಳಲಿ. ಇಳಿದ ತೂಕವೆಲ್ಲ ಹೆಚ್ಚುಕಡಿಮೆ ನೀರು, ಅದನ್ನು ಕುಡಿದೇ ಮನೆಗೆ ಹೋಗಬೇಕು ಅಂತ ಹೇಳಿ. ಒಂದು ತೂಕದ ಜಾಗಕ್ಕೆ ಇಬ್ಬರು ಇದ್ದರೆ ಒಬ್ಬ ಒದ್ದಾಡಿ ಇಳಿಯುವ ಬದಲು ಇನ್ನೊಂದು ತೂಕಕ್ಕೆ ಬೆಳೆಯಲಿ. ಹುಡುಗರು ಜಾಸ್ತಿ ಇದ್ದರೆ ಇದು ಸುಲಭ. ಇಬ್ಬರೇ ಇದ್ದಾಗಲೇ ಬಲವಂತ ಮಾಡಬೇಕಾಗಿ ಬರೋದು.

ಉತ್ತರ: ಮಗಳ ಜೊತೆ ಓಡಾಡುವ ಅಪ್ಪ

ಮೇಷ್ಟ್ರೇ, ಇಡೀ ಚರ್ಚೆಯಲ್ಲಿ ಹುಡುಗ ಹುಡುಗ ಅಂತಲೇ ಬಂತು. ನನ್ನ ಮಗಳು ಧಾರವಾಡದಲ್ಲಿ ಕುಸ್ತಿ ಕಲಿಯುತ್ತಿದ್ದಾಳೆ, ಈಗ ಪಿಯುಸಿ ಎರಡನೇ ವರ್ಷ. ಬೆಳಿಗ್ಗೆ ಐದಕ್ಕೆ ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತೇನೆ. ಮುಂದಿನ ವರ್ಷ ಅವಳಿಗೆ ಯಾವ ಡಿಗ್ರಿ ಕಾಲೇಜು ಅಂತ ಹುಡುಕುತ್ತಿದ್ದೇನೆ. ಮೊದಲು ನೋಡೋದು ಕೋರ್ಸ್ ಅಲ್ಲ, ಅಲ್ಲಿ ಅವಳ ಜೊತೆ ಹಿಡಿಯೋಕೆ ಇನ್ನೊಬ್ಬ ಹುಡುಗಿ ಇದ್ದಾಳಾ ಅಂತ. ಈ ತನಕ ಒಂದೂ ಸಿಕ್ಕಿಲ್ಲ.

ಗೇಬಲ್ ಅವರ ಅಯೋವಾದಲ್ಲಿ ಈಗ ಹೆಣ್ಣುಮಕ್ಕಳ ತಂಡ ಇದೆ. 2021ರಲ್ಲಿ ಘೋಷಣೆ ಮಾಡಿದರು, ಕ್ಲಾರಿಸ್ಸಾ ಚುನ್ ಅಂತ 2012ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವರನ್ನು ಕೋಚ್ ಆಗಿ ಕರೆತಂದರು. 2024ರಲ್ಲಿ ಆ ತಂಡ ರಾಷ್ಟ್ರೀಯ ಚಾಂಪಿಯನ್ ಆಗಿಯೂ ಆಯಿತು. ಗಂಡುಮಕ್ಕಳ ತಂಡಕ್ಕೆ ಅಷ್ಟು ಹೆಸರಿರುವ ಜಾಗದಲ್ಲಿ ಹೆಣ್ಣುಮಕ್ಕಳಿಗೂ ಅದೇ ಮರ್ಯಾದೆ ಸಿಕ್ಕಿತು ಅನ್ನೋದು ನನಗೆ ದೊಡ್ಡ ವಿಷಯ. ನಮ್ಮಲ್ಲಿ ಸಾಕ್ಷಿ ಮಲಿಕ್ 2016ರಲ್ಲಿ ರಿಯೋದಲ್ಲಿ ಕಂಚು ತಂದ ದಿನ ನನ್ನ ಮಗಳು ಇನ್ನೂ ಚಿಕ್ಕವಳು, ಟಿವಿ ಮುಂದೆ ದಿಂಬನ್ನು ಕೆಡವಿ ಕೆಡವಿ ಕುಸ್ತಿ ಆಡಿದ್ದಳು.

ನಿಮ್ಮ ಕೋಣೆಗೆ ಹೆಣ್ಣುಮಕ್ಕಳಿಗೂ ಒಂದು ಹೊತ್ತು ಇಡಿ. ಬಟ್ಟೆ ಬದಲಾಯಿಸೋಕೆ ಬಾಗಿಲು, ಚಿಲಕ ಇರುವ ಒಂದು ಜಾಗ ಬೇಕು, ಅಷ್ಟೇ. ಅದು ಇಲ್ಲ ಅಂತಲೇ ಎಷ್ಟೋ ಜನ ತಂದೆತಾಯಿ ಕಳಿಸೋದಿಲ್ಲ.

ಉತ್ತರ: ದಾಖಲೆ ನೋಡುವವನು

ಇನ್ನೊಂದು ಮಾತು ಸೇರಿಸುತ್ತೇನೆ, ಯಾಕಂದರೆ ಮೇಷ್ಟ್ರು ದುಡ್ಡಿನ ಮಾತು ಎತ್ತಿದ್ದರು. ಅಮೆರಿಕದಲ್ಲೂ ಕುಸ್ತಿ ಶ್ರೀಮಂತ ಆಟ ಅಲ್ಲ. ಹಲವು ವರ್ಷ ಒಂದು ದೊಡ್ಡ ಕಾಲೇಜು ತನ್ನ ಇಡೀ ಕುಸ್ತಿ ತಂಡಕ್ಕೆ ಕೊಡಬಹುದಾಗಿದ್ದ ಸ್ಕಾಲರ್‌ಶಿಪ್ 9.9 ಮಾತ್ರ. ಹತ್ತು ತೂಕಕ್ಕೆ ಹತ್ತೂ ಪೂರ್ತಿ ಇರಲಿಲ್ಲ. ಅದನ್ನೇ ಕಾಲು, ಅರ್ಧ ಅಂತ ಮೂವತ್ತು ಹುಡುಗರಿಗೆ ಹಂಚಬೇಕಿತ್ತು. ಅಂದರೆ ವಿಟ್ಮರ್‌ನಂಥ ಹುಡುಗರು ಅಲ್ಲಿ ಉಳಿದಿದ್ದು ದುಡ್ಡಿಗಾಗಿ ಅಲ್ಲ.

ಮತ್ತೆ ಗೇಬಲ್ ಕೈಕೆಳಗೆ ಇದ್ದವರು ಎಲ್ಲೆಲ್ಲಿ ಹೋದರು ನೋಡಿ. ಅವರಿಗೆ ಸಹಾಯಕ ಆಗಿದ್ದ ಜೆ ರಾಬಿನ್ಸನ್ ಮಿನ್ನೆಸೋಟಕ್ಕೆ ಹೋಗಿ ಆ ಕಾಲೇಜಿಗೆ ಮೂರು ರಾಷ್ಟ್ರೀಯ ಪ್ರಶಸ್ತಿ ತಂದರು. ಬ್ಯಾರಿ ಡೇವಿಸ್ 1984ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದು, ಆಮೇಲೆ ವಿಸ್ಕಾನ್ಸಿನ್‌ನಲ್ಲಿ 25 ವರ್ಷ ಕೋಚ್ ಆದರು. ಟಾಮ್ ರಯನ್ ಒಹಾಯೋ ಸ್ಟೇಟ್‌ಗೆ 2015ರಲ್ಲಿ ಪ್ರಶಸ್ತಿ ಗೆದ್ದುಕೊಟ್ಟರು. ಗೇಬಲ್ ಜಾಗಕ್ಕೆ ಬಂದ ಜಿಮ್ ಜಲೆಸ್ಕಿ ಕೂಡ ಅವರದೇ ಹುಡುಗ, ಮೊದಲ ಮೂರು ವರ್ಷ ಸತತ ಗೆದ್ದರು. ಆ ಕೋಣೆಯಿಂದ 45 ರಾಷ್ಟ್ರೀಯ ಚಾಂಪಿಯನ್ನರು ಬಂದರು ಅಂತ ಎಲ್ಲರೂ ಹೇಳುತ್ತಾರೆ. ಮೇಷ್ಟ್ರುಗಳೂ ಬಂದರು.

ಪಿಇ ಮೇಷ್ಟ್ರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಇವತ್ತಿನ ಸುದ್ದಿ ಹೇಳಿ ಹೋಗೋಣ ಅಂತ ಬಂದೆ.

ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೆದೆ. ಮೂರು ಜನ ಬರಬಹುದು ಅಂದುಕೊಂಡಿದ್ದೆ, ಏಳು ಜನ ಬಂದರು. ನಾನು ವಾಪಸ್ ಕಳಿಸಿದ್ದೆ ಅಂದಿದ್ದೆನಲ್ಲ, ಆ ಇಬ್ಬರಲ್ಲಿ ಒಬ್ಬ ಬಂದಿದ್ದ. ಇನ್ನೊಬ್ಬ ಈಗ ಬೆಳಗಿನ ಹೊತ್ತು ಹಾಲಿನ ಗಾಡಿಗೆ ಹೋಗುತ್ತಾನಂತೆ, ಸಂಜೆ ಇದ್ದರೆ ಬರುತ್ತೇನೆ ಅಂದ. ಹಾಗಾಗಿ ವಾರಕ್ಕೆ ಮೂರು ದಿನ ಸಂಜೆಯೂ ಇಡುತ್ತಿದ್ದೇನೆ. ಮ್ಯಾಟ್‌ನ ಹರಿದ ಮೂಲೆಯನ್ನು ಚಪ್ಪಲಿ ಹೊಲಿಯುವ ಅಜ್ಜ ದಪ್ಪ ದಾರ ಹಾಕಿ ಹೊಲಿದುಕೊಟ್ಟರು, ದುಡ್ಡು ಬೇಡ ಅಂದರು, ಅವರೂ ಹಿಂದೆ ಕಣಕ್ಕೆ ಇಳಿದವರಂತೆ.

ಜಾತ್ರೆಯಲ್ಲಿ ಗೆದ್ದುಬರುವ ನಮ್ಮ ಹುಡುಗ ಒಬ್ಬನಿದ್ದಾನೆ, 65 ಕೆಜಿ. ಅವನ ಜೊತೆ ಆ ವಾಪಸ್ ಬಂದ ಹುಡುಗನನ್ನು ಬಿಟ್ಟೆ. ಐದು ಸಲ ಬಿದ್ದ. ಆರನೇ ಸಲ ಎದ್ದು ನಿಂತು, ಬೆವರು ಒರೆಸಿಕೊಂಡು, "ಸರ್ ಇನ್ನೊಂದ್ ಸಲ" ಅಂದ.

ಮಗಳ ಅಪ್ಪನಿಗೆ ಒಂದು ಮಾತು. ಪಕ್ಕದ ಸಣ್ಣ ಕೋಣೆಗೆ ಬಾಗಿಲು ಇದೆ, ಚಿಲಕ ಇರಲಿಲ್ಲ. ಮಧ್ಯಾಹ್ನ ಅಂಗಡಿಗೆ ಹೋಗಿ ತಂದು ಹಾಕಿಸಿದೆ. ನಮ್ಮಲ್ಲಿ ಬಿಎ ಎರಡನೇ ವರ್ಷದ ಒಬ್ಬ ಹುಡುಗಿ ಹೆಸರು ಕೊಟ್ಟಿದ್ದಾಳೆ, 53 ಕೆಜಿ. ನಿಮ್ಮ ಮಗಳದು ಎಷ್ಟು?